ಹುಳದ ತಟ್ಟೆಯ ಇಂಗ್ಲಿಷು

ಸ್ವಲ್ಪ ಹತ್ತಿರ ಬನ್ನಿ. ಇನ್ನೂ ಹತ್ತಿರ. ಈಗ ಹೇಳೋದು ನಿಮ್ಮ ಹೊಟ್ಟೆಯಲ್ಲೇ ಇರಬೇಕು. ನಿಮ್ಮ ಯಜಮಾನರಿಗೆ ಹೇಳದೆ ಇರೋಕೆ ಆಗದಿದ್ದರೆ ಹೇಳಿ, ಆದರೆ ನನ್ನ ಹೆಸರು ಬರಕೂಡದು. ನಾನು ಯಾರ ತಂಟೆಗೂ ಹೋಗೋಳಲ್ಲ. ಆದರೆ ವಕ್ಕಲೇರಿ ಊರಿನ ನಮ್ಮ ಬೀದಿಯಲ್ಲಿ ಇಂಥವು ಒಂದರ ಹಿಂದೊಂದು ನಡೀತಾನೇ ಇದ್ದವು. ಜಗಲಿ ಮೇಲೆ ರಾಗಿ ಕೇರುತ್ತಾ ಕೂತರೆ ಅವೇ ಬಂದು ಕಣ್ಣಿಗೆ ಬೀಳುತ್ತಿದ್ದವು, ನಾನೇನು ಕಣ್ಣು ಮುಚ್ಚಿಕೊಳ್ಳಲೇ? ಊರಿಗಿನ್ನೂ ಟಿವಿ ಬಂದಿರಲಿಲ್ಲ. ನಮಗಿದ್ದದ್ದು ಪಕ್ಕದ ಮನೆಯವಳ ಮಗಳ ಇಂಗ್ಲಿಷು.

ಬಿದ್ದ ಸರ್ಕಾರ

ಹುಡುಗಿ ಕೋಲಾರದ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಬ್ಯಾಂಕಿನ ಪರೀಕ್ಷೆಗೆ ಕಟ್ಟಿದ್ದಳು. ಅವಳ ಇಂಗ್ಲಿಷ್ ಮೇಷ್ಟ್ರು ಒಂದು ಉಪಾಯ ಹೇಳಿಕೊಟ್ಟಿದ್ದರಂತೆ: ಇಂಗ್ಲಿಷ್ ಪೇಪರಿನ ಸಂಪಾದಕೀಯ ಓದಬೇಕು, ಅದರಲ್ಲಿ ಗಟ್ಟಿ ಗಟ್ಟಿ ಪದ ಹೆಕ್ಕಬೇಕು, ಹೆಕ್ಕಿದ ಪದವನ್ನು ಅವತ್ತೇ ಬಾಯಲ್ಲಿ ಆಡಬೇಕು. ಆಡದ ಪದ ನಿಲ್ಲೋದಿಲ್ಲವಂತೆ.

ಅವರಪ್ಪ ಮಾತ್ರ ಖಡಾಖಂಡಿತವಾಗಿ ಹೇಳಿದ್ದ. "ಒಳ್ಳೇ ಸಂಬಂಧ ಬರೋ ತನಕ ಓದ್ಕೊ. ಬಂತು ಅಂದ್ರೆ ಪುಸ್ತಕ ಅಟ್ಟಕ್ಕೆ."

ಹಾಗಾಗಿ ಹುಡುಗಿಗೆ ಪರೀಕ್ಷೆ ಮೊದಲು ಬರುತ್ತೋ ಗಂಡು ಮೊದಲು ಬರುತ್ತೋ ಅನ್ನೋದೇ ಎದೆಗುದಿ. ಪೇಪರಿಗೆ ಎಲ್ಲಿಗೆ ಹೋಗಬೇಕು ಅಂತೀರಾ? ಅವರ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಮರಿ ಹುಳ ಬಿಡುವಾಗ ತಟ್ಟೆಗೆ ಪೇಪರು ಹಾಸಬೇಕಲ್ಲ, ಅದಕ್ಕೆ ಅವರಪ್ಪ ಮಾಲೂರಿನಿಂದ ಹಳೇ ಪೇಪರು ತೂಕಕ್ಕೆ ತರುತ್ತಿದ್ದ. ಇಂಗ್ಲಿಷಿನದೇ ಬೇಕು, ಅಗಲ ಜಾಸ್ತಿ ಅಂತ. ಹುಳಕ್ಕೆ ಹಾಸಿಗೆ, ಮಗಳಿಗೆ ವಿದ್ಯೆ.

ಒಂದು ದಿನ ಹುಡುಗಿ ಹುಳದ ಮನೆಯಿಂದ ಓಡಿ ಬಂದಳು. "ಅಪ್ಪಾ, ಸರ್ಕಾರ ಇವತ್ತೋ ನಾಳೆಯೋ ಬೀಳೋ ಹಾಗಿದೆಯಂತೆ!"

ಅವರಪ್ಪ ಬೀಡಿ ಆರಿಸಿ ಹೇಳಿದ: "ಅದು ಬಿದ್ದು ಯಾವ ಕಾಲ ಆಯ್ತು ಕಣೇ. ಈಗಿರೋದೂ ಬೀಳೋ ಹಂಗೈತೆ. ಆ ಪೇಪರ್ನ ಮುಂದಿನ ಹುಳದ ಬೆಳೆಗೆ ಹಾಸ್ತೀವಿ, ಆವಾಗ ಓದ್ಕೊ."

ತೋಟದಲ್ಲಿ ಯಾರಿದ್ದರು

ಇದನ್ನಂತೂ ಯಾರಿಗೂ ಹೇಳಬೇಡಿ. ಒಂದು ಬೆಳಿಗ್ಗೆ ಅವರ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಹೋಗುತ್ತಿದ್ದೆ. ಒಳಗಿಂದ ಹುಡುಗಿಯ ದನಿ ಕೇಳಿಸಿತು. ಇಂಗ್ಲಿಷ್! ಒಂದು ಸಲ ಬೇಡಿಕೊಳ್ಳೋ ಹಾಗೆ, ಒಂದು ಸಲ ಗದರೋ ಹಾಗೆ, ಆಮೇಲೆ ಕಿಲಕಿಲ ನಗು. ಕನ್ನಡದವರ ಜೊತೆ ಯಾರಾದರೂ ಇಂಗ್ಲಿಷಿನಲ್ಲಿ ನಗುತ್ತಾರೆಯೇ? ಯಾರೋ ಪ್ಯಾಂಟಿನವನು ಇದ್ದಾನೆ ಅಂದುಕೊಂಡೆ. ನೋಡಿದ ಮೇಲೆ ಹೇಳೋಣ ಅಂದರೆ ತಡವಾಗುತ್ತೆ, ಅದಕ್ಕೇ ಮೊದಲು ಬೀದಿಯಲ್ಲಿ ಹೇಳಿಬಂದು ಆಮೇಲೆ ನೋಡಲು ಹೋದೆ.

ಗಿಡ ಸರಿಸಿ ಇಣುಕಿದರೆ ಒಂದು ನರಪಿಳ್ಳೆಯೂ ಇಲ್ಲ. ಸೊಪ್ಪು ಬಿಡಿಸುತ್ತಾ ಗಿಡಗಳಿಗೇ ಸಂಪಾದಕೀಯ ಒಪ್ಪಿಸುತ್ತಿದ್ದಾಳೆ!

"ಏನೇ ಇದು?" ಅಂದೆ.

"ಪದ ಆಡ್ಬೇಕಲ್ಲ ದೊಡ್ಡಮ್ಮ. ನಿಮ್ಮ ಹತ್ರ ಆಡಿದ್ರೆ ನೀವು ಬೈದೆ ಅಂದ್ಕೋತೀರ."

ನನಗೆ ಪೀಕಲಾಟ ಬಂತು. ಹೋಗಿ ಬೀದಿಯವರಿಗೆ ನಿಜ ಹೇಳಿದರೆ ಹುಡುಗಿಗೆ ಹುಚ್ಚು ಅಂತಾರೆ. ಪ್ಯಾಂಟಿನವನೇ ವಾಸಿ, ಅವನಾದರೆ ಕಟ್ಟಿಕೊಂಡಾದರೂ ಹೋಗುತ್ತಿದ್ದ. ಅವಳ ಒಳ್ಳೇದಕ್ಕೇ ಅಂತ ಸುಮ್ಮನಿದ್ದುಬಿಟ್ಟೆ.

ಹಾಲಿನ ಡೈರಿಯಲ್ಲಿ

ಒಂದು ಸಂಜೆ ತಾಯಿ ಮಗಳು ಡೈರಿಗೆ ಹಾಲು ತಂದರು. ಡೈರಿ ಸೆಕ್ರೆಟರಿ ಹಾಲಿಗೆ ನೀರು ಅಳೆಯೋ ಕಡ್ಡಿ ಬಿಟ್ಟು ನೋಡಿ, "ಏನಮ್ಮಾ, ಹಸು ಕೆರೆಗಿಳಿದಿತ್ತಾ?" ಅಂದ. ನೀರಿತ್ತೋ ಇಲ್ಲವೋ, ಅವರ ಬಾವಿ ಗಡಗಡೆ ಸದ್ದು ನಮ್ಮನೆಗೇ ಕೇಳಿಸುತ್ತೆ, ನಾನ್ಯಾಕೆ ಬಾಯಿ ಬಿಡಲಿ.

ತಾಯಿ ತಲೆ ತಗ್ಗಿಸಿದಳು. ಮಗಳು ಮುಂದೆ ಬಂದು ನಿಂತಳು. ಪಾಪ, ಅವತ್ತಿನ ಪದಗಳು ಇನ್ನೂ ಖರ್ಚಾಗಿರಲಿಲ್ಲ ಅಂತ ಕಾಣುತ್ತೆ. "ಡಿಪ್ಲೊರಬಲ್! ಅನ್‌ವಾರಂಟೆಡ್!" ಅಂದಳು. ಆಮೇಲೆ ಇನ್ನೊಂದು ಅಂದಳು, ಗೂಡ್ಸ್ ರೈಲಿನಷ್ಟು ಉದ್ದ, ಅದರ ಕೊನೆ ಬರೋಷ್ಟರಲ್ಲಿ ಸೆಕ್ರೆಟರಿ ಕುರ್ಚಿ ಬಿಟ್ಟು ಎದ್ದಿದ್ದ.

"ಅಯ್ಯೋ, ಅಷ್ಟಕ್ಕೆಲ್ಲ ಮೇಲಿನೋರ ತನಕ ಯಾಕೆ ಹೋಗ್ತೀಯಮ್ಮ? ಸುರೀರಿ, ಸುರೀರಿ."

ಹಿಂದೆ ಚೊಂಬು ಹಿಡಿದು ನಿಂತಿದ್ದ ಮುದುಕಿ ತಾಯಿಯ ಸೆರಗು ಹಿಡಿದು ಎಳೆದಳು. "ತಾಯೀ, ನಿನ್ ಮಗಳನ್ನ ಒಂದ್ ಗಳಿಗೆ ಇಲ್ಲೇ ಬಿಟ್ಟೋಗು. ನಮ್ ಎಮ್ಮೆ ಹಾಲಿಗೂ ಎರಡು ಇಂಗ್ಲಿಷ್ ಮಾತು ಅನ್ನಿಸ್ಬೇಕು."

ಹೆಣ್ಣು ನೋಡಿದ್ದು

ಪರೀಕ್ಷೆಗೆ ಮುಂಚೆಯೇ ಗಂಡು ಬಂದುಬಿಟ್ಟಿತು. ಶ್ರೀನಿವಾಸಪುರದ ಕಡೆಯ ದೊಡ್ಡ ಹುಳದ ಮನೆಯವರು. ಹುಡುಗಿ ಆವಾಗ ಹುಳದ ಮನೆಯಲ್ಲಿದ್ದಳು. ಹೊರಗಿನವರು ಅಲ್ಲಿಗೆ ಕಾಲಿಡೋ ಹಾಗಿಲ್ಲ, ಹುಳಕ್ಕೆ ದೃಷ್ಟಿಯಾಗುತ್ತೆ, ರೋಗ ಬರುತ್ತೆ. ಗಂಡಿನ ತಾಯಿ ಕಿಟಕಿಯಲ್ಲೇ ಇಣುಕಿದಳು. ನಾನೂ ಇಣುಕಿದೆ, ಅತಿಥಿಗಳನ್ನು ಒಂಟಿಯಾಗಿ ಬಿಡಬಾರದಲ್ಲ.

ಹುಡುಗಿ ತಟ್ಟೆಗೆ ಮೂಗು ತಾಗೋ ಹಾಗೆ ಬಗ್ಗಿದ್ದಾಳೆ. ಕೋಳಿ ಗರಿಯಲ್ಲಿ ಒಂದೊಂದೇ ಹುಳವನ್ನು ನೋವಾಗದ ಹಾಗೆ ಪಕ್ಕಕ್ಕೆ ಸರಿಸುತ್ತಾಳೆ, ತುಟಿ ಅಲ್ಲಾಡಿಸುತ್ತಾಳೆ, ಕಣ್ಣು ಮುಚ್ಚುತ್ತಾಳೆ, ಮತ್ತೆ ಸರಿಸುತ್ತಾಳೆ.

ಆಯಮ್ಮನ ಕಣ್ಣಲ್ಲಿ ನೀರು. "ಬಂಗಾರಂಲಾಂಟಿ ಪಿಲ್ಲ! ಚಿನ್ನದಂಥ ಹುಡುಗಿ! ಹುಳಕ್ಕೆ ಮಂತ್ರ ಹೇಳೋ ಸೊಸೇನ ನಾನೆಲ್ಲೂ ನೋಡಿಲ್ಲಮ್ಮ." ಉಪ್ಪಿಟ್ಟು ತಿನ್ನೋ ಮುಂಚೆಯೇ ಒಪ್ಪಿಗೆ ಹೇಳಿದಳು. ಶ್ರಾವಣದಲ್ಲೇ ಮದುವೆ, ಪರೀಕ್ಷೆ ಗಿರೀಕ್ಷೆ ಏನೂ ಬೇಡ ಅಂದಳು. ಅಪ್ಪನೂ "ಆಗಲಿ" ಅಂದುಬಿಟ್ಟ.

ಅಷ್ಟು ಹೊತ್ತಿಗೂ ಒಳಗೆ ಹುಡುಗಿ ಇನ್ನೊಂದು ಹುಳ ಸರಿಸುತ್ತಿದ್ದಳು. ಪಾಪ, ವಾಕ್ಯ ಮುಗಿದಿರಲಿಲ್ಲ.

ಮುಖದ ಮೇಲೆ ಅಂದದ್ದು

ಅವತ್ತಿನಿಂದ ಹುಡುಗಿ ಊಟ ಬಿಟ್ಟಳು. ಅಪ್ಪನಿಗೂ ಒಳಗೊಳಗೇ ಸಂಕಟ. ಆದರೆ ಕೊಟ್ಟ ಮಾತನ್ನು ಹೆಣ್ಣಿನ ಕಡೆಯವರು ಹೇಗೆ ವಾಪಸು ತಗೊಳ್ಳೋದು?

ಒಂದು ಸಂಜೆ ತಾಯಿ ನಮ್ಮ ಒರಳಲ್ಲಿ ಹಿಟ್ಟು ರುಬ್ಬೋಕೆ ಬಂದು ಕಣ್ಣು ಒರೆಸಿಕೊಂಡಳು. "ಅಕ್ಕಾ, ನಿಮ್ಮಲ್ಲೇ ಇರ್ಲಿ. ಅವಳು ಮಂತ್ರ ಹೇಳ್ತಿರ್ಲಿಲ್ಲ, ಕೆಳಗಿನ ಪೇಪರ್ ಓದ್ತಿದ್ಳು. ಸೊಪ್ಪು ಹಾಕೋದೇ ಮರೀತಾಳೆ. ಹೋದ ಬೆಳೇಲಿ ಒಂದಿಡೀ ತಟ್ಟೆ ಹುಳ ಉಪವಾಸ ಬಿದ್ದು ಸತ್ತೋದ್ವು. ಶ್ರೀನಿವಾಸಪುರದೋರಿಗೆ ಮಾತ್ರ ಗೊತ್ತಾಗ್ಬಾರ್ದು ಅಕ್ಕಾ."

"ನನ್ನ ಬಾಯಿ ಹೊಲಿದ ಹಾಗೆ ಕಣೇ" ಅಂದೆ.

ಮಾರನೇ ದಿನ ನನಗೆ ಶ್ರೀನಿವಾಸಪುರದಲ್ಲಿರೋ ನಾದಿನಿಯನ್ನು ನೋಡಲೇಬೇಕು ಅನ್ನಿಸಿತು. ಕೋಲಾರದಲ್ಲಿ ಬಸ್ಸು ಬದಲಾಯಿಸಿ ಹೋದೆ. ದಾರಿಯಲ್ಲೇ ಗಂಡಿನ ಮನೆ ಸಿಕ್ಕಿತು, ಅಂದರೆ ಒಂಚೂರು ಸುತ್ತು. ಯಾರಿಗೂ ಹೇಳಬೇಡಿ ಅಂತ ಆಣೆ ಹಾಕಿಸಿಕೊಂಡೇ ಹೇಳಿದೆ.

"ಅಯ್ಯೋ ದೇವುಡಾ!" ಆಯಮ್ಮ ಎದೆ ಬಡಿದುಕೊಂಡಳು. "ಹುಳ ಹಸ್ಕೊಂಡಿದ್ರೆ ಪೇಪರ್ ಓದೋ ಸೊಸೇನಾ? ನಮ್ಮನೇಲಿ ಇರೋ ಹುಳವೆಲ್ಲ ಏನಾಗ್ಬೇಕು!"

ಜಾತಕ ಕೂಡಿಬರಲಿಲ್ಲ ಅಂತ ಹೇಳಿ ಕಳಿಸಿದರು. ಹುಡುಗಿ ಪರೀಕ್ಷೆ ಬರೆದಳು. ಪಾಸಾದಳು. ಮುಳಬಾಗಿಲಿನ ಬ್ಯಾಂಕಿನಲ್ಲಿ ಕೆಲಸವೂ ಆಯಿತು.

ಸಂಬಂಧ ಮುರಿದಾಗಿನಿಂದ ನಾನು ಆ ತಾಯಿಗೆ ಮುಖ ಕೊಟ್ಟಿರಲಿಲ್ಲ. ಕೆಲಸ ಸಿಕ್ಕ ಸುದ್ದಿ ಬಂದ ದಿನ ಅವಳೇ ನಮ್ಮ ಬಾಗಿಲಿಗೆ ಬಂದಳು. ಸೆರಗಿನಡಿ ಏನೋ ಹಿಡಿದಿದ್ದಳು. ಪೊರಕೆಯೇ ಅಂದುಕೊಂಡು, "ನಾನಲ್ಲ ಕಣೇ ಹೇಳಿದ್ದು!" ಅಂದೆ.

ಸೆರಗು ಸರಿಸಿದಳು. ಬಿಸಿ ಬಿಸಿ ಒಬ್ಬಟ್ಟು. ತಟ್ಟೆ ನನ್ನ ಕೈಗಿಟ್ಟು, ನನ್ನ ಮುಖದ ಮೇಲೆ ಹೊಡೆದ ಹಾಗೆ ಅಂದಳು:

"ನೀವಲ್ದೆ ಇನ್ಯಾರಕ್ಕಾ? ನಾವೇ 'ಬೇಡ' ಅಂದಿದ್ರೆ ನಮ್ಮೆಜಮಾನ್ರ ಮಾತು ಹೋಗ್ತಿತ್ತು, ಹೆಸರು ಹಾಕ್ದೆ ಕಾಗದ ಬರೆದಿದ್ರೆ ಪೋಸ್ಟಿನೋನು ವಾರ ಮಾಡ್ತಿದ್ದ. ಅದಕ್ಕೇ ಅವ್ರೇ ಅಂದ್ರು, ಪಕ್ಕದ್ಮನೆ ಅಕ್ಕನಿಗೆ ಯಾರಿಗೂ ಹೇಳ್ಬೇಡಿ ಅಂತ ಹೇಳಿ ಬಾ ಅಂತ. ಆದ್ರೂ ಅಕ್ಕಾ, ಬೆಳಿಗ್ಗೆ ಮೊದಲ್ನೇ ಬಸ್ಸಿಗೇ ಓಡ್ತೀರ ಅಂತ ಗೊತ್ತಿರ್ಲಿಲ್ಲ. ಒಂದ್ ಲೋಟ ಕಾಫಿನಾದ್ರೂ ಕುಡ್ಕೊಂಡು ಹೋಗ್ಬಾರ್ದಿತ್ತಾ?"