ಗಣಿತ ವಿಭಾಗದ ಎರಡು ಲಕೋಟೆಗಳು

ಎಲ್ಲಕ್ಕೂ ಕಾರಣ ಗಣಿತ ವಿಭಾಗದ ಕಚೇರಿಯ ಫ್ಯಾನು. ಅದಕ್ಕೆ ಗೊತ್ತಿದ್ದದ್ದು ಎರಡೇ ವೇಗ. ಒಂದು, ಸುಮ್ಮನೆ ನೇತಾಡುವುದು. ಇನ್ನೊಂದು, ಚಂಡಮಾರುತ. ಆದ್ದರಿಂದ ವಿಭಾಗದ ಗುಮಾಸ್ತರು ಎಷ್ಟೇ ಸೆಕೆಯಿದ್ದರೂ ಅದರ ಸ್ವಿಚ್ಚಿಗೆ ಕೈ ಹಾಕುತ್ತಿರಲಿಲ್ಲ. ಆದರೆ ಪ್ರಶಸ್ತಿ ಸಮಾರಂಭದ ದಿನ ಬೆಳಿಗ್ಗೆ ಒಂಬತ್ತೂಕಾಲಿಗೆ ಪಕ್ಕದ ಗ್ರಂಥಾಲಯದಿಂದ ಬಂದ ಗ್ರಂಥಪಾಲಕಿ, "ಅಬ್ಬಾ, ಇಲ್ಲೇನ್ರೀ ಹೀಗೆ ಬೇಯ್ತಾ ಇದೆ" ಎನ್ನುತ್ತಾ ಅದನ್ನು ಹಾಕಿಯೇಬಿಟ್ಟರು.

ಮೇಜಿನ ಮೇಲೆ ಎರಡು ಪತ್ರಗಳಿದ್ದವು. ಎರಡೂ ಗಾಳಿಪಟವಾದವು.

ಅವು ಸಾಮಾನ್ಯ ಪತ್ರಗಳಲ್ಲ. ಪ್ರತಿವರ್ಷ ಮೂರನೇ ವರ್ಷದ ಪದವಿ ವಿದ್ಯಾರ್ಥಿಗಳಲ್ಲಿ ಇಬ್ಬರಿಗೆ ಅದೃಷ್ಟ ಖುಲಾಯಿಸುತ್ತಿತ್ತು. ಒಬ್ಬರಿಗೆ ವರ್ಷದ ಗಣಿತ ಪ್ರಶಸ್ತಿ. ಯಾರೂ ಬಿಡಿಸದ ಒಂದು ಲೆಕ್ಕವನ್ನು ತಮ್ಮದೇ ದಾರಿಯಲ್ಲಿ ಬಿಡಿಸಿದವರಿಗೆ. ಇನ್ನೊಬ್ಬರಿಗೆ ಮೊದಲ ವರ್ಷದವರಿಗೆ ಪಾಠ ಹೇಳುವ ಅವಕಾಶ. ವಿದ್ಯಾರ್ಥಿಯಾಗಿದ್ದಾಗಲೇ ಸೀಮೆಸುಣ್ಣ ಹಿಡಿದು ಕರಿಹಲಗೆಯ ಮುಂದೆ ನಿಲ್ಲುವುದೆಂದರೆ ಮುಂದೆ ಮೇಷ್ಟರಾಗುವ ಕನಸಿದ್ದವರಿಗೆ ಸ್ವರ್ಗಕ್ಕೆ ಮೂರೇ ಗೇಣು. ಒಬ್ಬರಿಗೇ ಎರಡೂ ಸಿಗುವಂತಿರಲಿಲ್ಲ.

ಹಿಂದಿನ ಸಂಜೆ ವಿಭಾಗದ ಮುಖ್ಯಸ್ಥೆ ಫೋನಿನಲ್ಲಿ ಇಬ್ಬರ ಹೆಸರು ಹೇಳಿದ್ದರು, ಗುಮಾಸ್ತರು ಚೀಟಿಯಲ್ಲಿ ಬರೆದುಕೊಂಡಿದ್ದರು. ಪ್ರಶಸ್ತಿ ಮೌನಿಗೆ. ಪಾಠದ ಅವಕಾಶ ರೇಡಿಯೊಗೆ. ಅಪ್ಪ ಅಮ್ಮ ಇಟ್ಟ ಹೆಸರುಗಳು ಹಾಜರಿ ಪುಸ್ತಕದಲ್ಲಿದ್ದವು. ವಿಭಾಗದಲ್ಲಿ ನಡೆಯುತ್ತಿದ್ದದ್ದು ಈ ಹೆಸರುಗಳೇ. ಮೌನಿ ಎಂಬ ಹುಡುಗಿ ಹಾಜರಿ ಕರೆದರೂ ಬಾಯಿ ಬಿಡದೆ ಕೈ ಎತ್ತುತ್ತಿದ್ದಳು. ರೇಡಿಯೊ ಎಂಬ ಹುಡುಗ ಎದುರಿಗೆ ಗೋಡೆಯಿದ್ದರೂ ಮಾತಾಡುತ್ತಿದ್ದ. ಮಾತಾಡುವವನಿಗೆ ಪಾಠ, ಆಡದವಳಿಗೆ ಪ್ರಶಸ್ತಿ. ಗುಮಾಸ್ತರಿಗೆ ಇದು ಎರಡೂ ಎರಡೂ ನಾಲ್ಕು ಎಂಬಷ್ಟು ಸರಿಯಾಗಿ ಕಂಡಿತು.

ಹಾರಿದ ಪತ್ರಗಳಲ್ಲಿ ಒಂದನ್ನು ಬೀರುವಿನ ಹಿಂದಿನಿಂದ, ಇನ್ನೊಂದನ್ನು ತಮ್ಮದೇ ಬೆನ್ನಿನಿಂದ ಬಿಡಿಸಿ ತಂದ ಗ್ರಂಥಪಾಲಕಿ, ತಾವೇ ಲಕೋಟೆಗೆ ಹಾಕಿ, ತಾವೇ ಅಂಟು ಸವರಿ, "ನಿಮಗೆ ಒಂದು ಕೆಲಸ ಕಮ್ಮಿ ಆಯ್ತು" ಎಂದರು. ಅಟೆಂಡರು ಬಂದು ತೆಗೆದುಕೊಂಡು ಹೋದ. ಹೆಸರು ಇದ್ದದ್ದು ಲಕೋಟೆಗಳ ಮೇಲೆ ಮಾತ್ರ. ಒಳಗಿನ ಕಾಗದ "ಪ್ರಿಯ ವಿದ್ಯಾರ್ಥಿ" ಎಂದು ಶುರುವಾಗುತ್ತಿತ್ತು. ಒಂದೇ ಹೆಸರನ್ನು ಎರಡು ಕಡೆ ಟೈಪ್ ಮಾಡುವುದೇಕೆ ಎಂದು ಆರು ವರ್ಷದ ಹಿಂದೆ ಈ ಸುಧಾರಣೆ ತಂದವರು ಗುಮಾಸ್ತರೇ.

ಹತ್ತೂವರೆಗೆ ಕಿಟಕಿಯಲ್ಲಿ ರೇಡಿಯೊನ ಮುಖ ಕಾಣಿಸಿತು. ಆಶ್ಚರ್ಯವೆಂದರೆ ಅದು ಬಿತ್ತರವಾಗುತ್ತಿರಲಿಲ್ಲ. ಎರಡು ಸಲ ಬಾಯಿ ತೆರೆದು, ಎರಡು ಸಲ ಮುಚ್ಚಿ, ಕೊನೆಗೆ ಅವನು ಹೇಳಿದ:

"ಸಾರ್, ಪ್ರಶಸ್ತಿ ನಂಗೆ ಬಂದಿದೆ. ಅಜ್ಜಿಗೆ ಫೋನ್ ಮಾಡ್ಬಿಟ್ಟೆ, ಅವರು ಬಸ್ ಹತ್ತಿದ್ದೂ ಆಯ್ತು."

ಅಷ್ಟು ಹೇಳಿ ಓಡಿಹೋದ. ಗುಮಾಸ್ತರು ಚೀಟಿ ತೆಗೆದು ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. ಅದರಲ್ಲಿ ಪ್ರಶಸ್ತಿ ಮೌನಿಗೇ ಇತ್ತು.

ಮುಖ್ಯಸ್ಥೆಗೆ ಹೇಳಿಬಿಡಬಹುದಿತ್ತು. ಆದರೆ ಅವರು ಹತ್ತರಿಂದ ಮುಖ್ಯ ಕಟ್ಟಡದ ಸಭೆಯಲ್ಲಿದ್ದರು. ಅದಕ್ಕಿಂತ ದೊಡ್ಡ ತೊಡಕೆಂದರೆ, ಹೋದ ವರ್ಷ ಆಹ್ವಾನ ಪತ್ರಿಕೆಯಲ್ಲಿ "ವಿಶೇಷ ಉಪನ್ಯಾಸ" ಎಂಬುದನ್ನು ಗುಮಾಸ್ತರು "ವಿಶೇಷ ಉಪವಾಸ" ಎಂದು ಅಚ್ಚು ಹಾಕಿಸಿದ್ದರು. ದೂರದಿಂದ ಬಂದ ಅತಿಥಿ ಪ್ರಾಧ್ಯಾಪಕರು ಕೊಟ್ಟ ಕಾಫಿಯನ್ನೂ ಮುಟ್ಟದೆ ಗೌರವದಿಂದ ಕುಳಿತಿದ್ದರು. ಇನ್ನೊಂದು ತಪ್ಪಾದರೆ ನೇರ ಪರೀಕ್ಷಾ ವಿಭಾಗದ ನೆಲಮಾಳಿಗೆಗೆ ವರ್ಗ ಎಂದು ಮುಖ್ಯಸ್ಥೆ ಅಂದೇ ಹೇಳಿದ್ದರು.

ವಿಷಯ ಕೇಳಿದ ಗ್ರಂಥಪಾಲಕಿ ಮೊದಲು ಮಾಡಿದ ಕೆಲಸ, ಲಕೋಟೆಗೆ ಹಾಕಿದ್ದು ತಾವೆಂಬುದನ್ನು ಮರೆತದ್ದು. ಎರಡನೆಯದು, ಸ್ಟೋರ್ ಕೀಪರನ್ನು ಕರೆದದ್ದು. ಆತ ಯಾರ ಮನೆಯ ಸಂಕಟವಾದರೂ ಕುರ್ಚಿ ಎಳೆದುಕೊಂಡು ಕೂತು ಕೇಳುವ ಮನುಷ್ಯ. ಎಲ್ಲ ಕೇಳಿ, ಗುಮಾಸ್ತರ ಡಬ್ಬಿಯಿಂದ ಒಂದು ಬಾಳೆಹಣ್ಣು ತೆಗೆದು ಸುಲಿಯುತ್ತಾ, ನಾಲ್ಕು ಗಂಟೆಗೆ ವೇದಿಕೆಯ ಮೇಲೆ ಒಂದು ಹೆಸರು ಕರೆದು ಇನ್ನೊಬ್ಬರು ಎದ್ದರೆ ನೆಲಮಾಳಿಗೆಯೇ ಗತಿ ಎಂದು ತೀರ್ಪು ಕೊಟ್ಟ. ಆ ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲ ಎಂಬುದನ್ನೂ ಸೇರಿಸಿದ. ಮೊದಲು ಮೌನಿಯಿಂದ ಪತ್ರ ವಾಪಸು ತರುವುದೆಂದು ಮೂವರೂ ತೀರ್ಮಾನಿಸಿದರು. ಹೋಗಬೇಕಾದವರು ಮಾತ್ರ ಗುಮಾಸ್ತರೊಬ್ಬರೇ.

ಆದರೆ ಪತ್ರದಲ್ಲಿ "ಇಂದೇ ಹನ್ನೊಂದಕ್ಕೆ ಮೂರನೇ ಕೊಠಡಿಯಲ್ಲಿ ಮೊದಲ ಪಾಠ" ಎಂದಿತ್ತು. ಗುಮಾಸ್ತರು ಏದುಸಿರು ಬಿಡುತ್ತಾ ಆ ಬಾಗಿಲು ತಲುಪುವಾಗ ಹನ್ನೊಂದೂ ಹತ್ತು. ಒಳಗೆ ನಲವತ್ತು ಮಂದಿ ಮೊದಲ ವರ್ಷದವರು. ಸದಾ ಸಂತೆಯಂತಿರುತ್ತಿದ್ದ ಕೊಠಡಿ ಗಪ್‌ಚಿಪ್ ಆಗಿತ್ತು.

ಮೌನಿ ಹಲಗೆಯ ಮೇಲೆ ಒಂದು ಚುಕ್ಕೆ ಇಟ್ಟಿದ್ದಳು. ಅದರ ಬಲಕ್ಕೂ ಕೆಳಕ್ಕೂ ಸುತ್ತಿ ಬರುವಂತೆ ಮೂರು ಚುಕ್ಕೆ. ಅದನ್ನು ಸುತ್ತಿ ಐದು. ಆಮೇಲೆ ಸೀಮೆಸುಣ್ಣ ಕೆಳಗಿಟ್ಟು ತರಗತಿಯ ಕಡೆ ನೋಡಿ ಮೆಲ್ಲನೆ ಕೇಳಿದಳು, "ಮುಂದೆ ಎಷ್ಟು ಬೇಕು?" ದನಿ ಎಷ್ಟು ಸಣ್ಣದೆಂದರೆ ನಲವತ್ತು ತಲೆಗಳೂ ಗಾಳಿಗೆ ಬಾಗಿದ ಪೈರಿನಂತೆ ಮುಂದಕ್ಕೆ ಬಾಗಿದವು. ಯಾರೋ ಏಳು ಎಂದರು. ಅವಳು ಏಳು ಇಟ್ಟಳು. "ಈಗ ಯಾವ ಆಕಾರ ಬಂತು?" ಹಿಂದಿನ ಬೆಂಚಿನಲ್ಲಿ ನಿದ್ದೆಗೆಂದೇ ಜಾಗ ಹಿಡಿದಿದ್ದ ಒಬ್ಬ ದಡಕ್ಕನೆ ಎದ್ದು, "ಚೌಕ. ಪ್ರತಿಸಲಾನೂ ಚೌಕಾನೇ ಬರುತ್ತೆ" ಎಂದ. ಬೆಸಸಂಖ್ಯೆಗಳನ್ನು ಒಂದರಿಂದ ಕೂಡುತ್ತಾ ಹೋದರೆ ಯಾವಾಗಲೂ ವರ್ಗವೇ ಏಕೆ ಬರುತ್ತದೆಂದು ಅವನು ತಾನೇ ಕಂಡುಹಿಡಿದಿದ್ದ. ಮೌನಿ ನಕ್ಕಳು. ಅವಳ ಹಲ್ಲು ಹೇಗಿವೆ ಎಂದು ವಿಭಾಗಕ್ಕೆ ತಿಳಿದದ್ದು ಅಂದೇ.

ಬಾಗಿಲಲ್ಲಿ ನಿಂತ ಗುಮಾಸ್ತರ ರೋಮ ಎದ್ದು ನಿಂತಿತು. ಮೂವತ್ತು ವರ್ಷ ಗಣಿತದ ಪ್ರಶ್ನೆಪತ್ರಿಕೆ ಟೈಪ್ ಮಾಡಿದ್ದ ಅವರಿಗೆ ಒಂದು ಸಾಲೂ ಅರ್ಥವಾಗಿರಲಿಲ್ಲ. ಈಗ ಅರ್ಥವಾಯಿತು. ಓಡಿಹೋಗಿ ಯಾರಿಗಾದರೂ ಹೇಳಬೇಕು ಎನಿಸುವಷ್ಟು ಖುಷಿಯಾಯಿತು. ಪತ್ರ ಕೇಳಲು ಬಂದದ್ದು ನೆನಪಾದದ್ದು ಅರ್ಧ ಮೆಟ್ಟಿಲು ಇಳಿದ ಮೇಲೆ.

"ಅವಳು ಪಾಠ ಮಾಡ್ತಾ ಇದ್ದಾಳೆ, ನಡುವೆ ಹೇಗ್ರೀ ಕೇಳೋದು" ಎಂದರು ಕಚೇರಿಗೆ ಮರಳಿ. ಹಾಗಾದರೆ ಮೊದಲು ಹುಡುಗನನ್ನು ಹಿಡಿಯಿರಿ ಎಂದು ಸ್ಟೋರ್ ಕೀಪರ್ ಅವರನ್ನು ಕ್ಯಾಂಟೀನಿಗೆ ಅಟ್ಟಿದ.

ಕ್ಯಾಂಟೀನಿನ ಮೂಲೆಯ ಮೇಜಿನಲ್ಲಿ ರೇಡಿಯೊನ ಅಜ್ಜಿ ಕೂತಿದ್ದರು. ಎರಡು ಬಸ್ಸು ಬದಲಾಯಿಸಿ ಬಂದವರು. ಮೊಮ್ಮಗನ ಕಾಲರು ಸರಿ ಮಾಡುತ್ತಾ, ಅವನು ಹೇಳಿದ್ದನ್ನೆಲ್ಲ ತಲೆದೂಗಿ ಕೇಳುತ್ತಿದ್ದರು. ರೇಡಿಯೊ ಗುಮಾಸ್ತರನ್ನು ಎಳೆದು ಕೂರಿಸಿ, ತಾನು ಎರಡು ತಿಂಗಳು ಒದ್ದಾಡಿ ಹನ್ನೊಂದು ಪುಟ ಬರೆದದ್ದು, ಯಾರೂ ಓದಲಾರರೆಂದುಕೊಂಡೇ ಪ್ರಶಸ್ತಿಗೆಂದು ವಿಭಾಗದಲ್ಲಿಟ್ಟ ಪೆಟ್ಟಿಗೆಗೆ ಹಾಕಿದ್ದು, ಎಲ್ಲ ಒದರಿದ. ಗುಮಾಸ್ತರ ಕಿವಿಗೆ ಅದ್ಯಾವುದೂ ಬೀಳಲಿಲ್ಲ. ಅವರ ಕಣ್ಣು ಅವನ ಜೇಬಿನಿಂದ ಇಣುಕುತ್ತಿದ್ದ ಲಕೋಟೆಯ ಮೇಲಿತ್ತು. ಅಷ್ಟರಲ್ಲಿ ಅಜ್ಜಿ ಅವರ ಎರಡೂ ಕೈ ಹಿಡಿದುಕೊಂಡರು.

"ಇವನ್ನ ಎಲ್ರೂ ಬರೀ ಬಾಯಿ ಅಂತಾರಪ್ಪ. ತಲೆನೂ ಇದೆ ಅಂತ ಬರೆದು ಕಳಿಸಿದೋರು ನೀವು. ನಿಮ್ಮ ಹೊಟ್ಟೆ ತಣ್ಣಗಿರಲಿ."

ಗುಮಾಸ್ತರು ಮೆಲ್ಲನೆ ಕೈ ಬಿಡಿಸಿಕೊಂಡರು. ಒಂದು ಲೋಟ ನೀರು ಕುಡಿದು, ಬರುತ್ತೇನೆ ಎಂದು ಕೈಮುಗಿದು ಎದ್ದರು.

ಎರಡೂವರೆಯಾಯಿತು. ಕಚೇರಿಯಲ್ಲಿ ಮೂವರ ಸಭೆ ಮತ್ತೆ ಸೇರಿತು. ಇನ್ನು ಕರುಣೆ ಮರುಕ ಎಂದು ಕೂತರೆ ಕೆಲಸ ಕೆಟ್ಟಿತು ಎಂದ ಸ್ಟೋರ್ ಕೀಪರ್. ಉಪಾಯ ಹೇಳಿದವರು ಗ್ರಂಥಪಾಲಕಿ. ಪತ್ರಕ್ಕೆ ವಿಭಾಗದ ಮೊಹರು ಬಿದ್ದಿಲ್ಲ, ಹಾಕಿ ಕೊಡುತ್ತೇನೆ ಎಂದು ಇಬ್ಬರಿಂದಲೂ ಈಸಿಕೊಳ್ಳುವುದು. ಇವರದ್ದು ಅವರಿಗೆ, ಅವರದ್ದು ಇವರಿಗೆ ಕೊಟ್ಟುಬಿಡುವುದು.

ಗುಮಾಸ್ತರು ಹಾಗೇ ಮಾಡಿದರು. ಮೊಹರನ್ನೂ ಹಾಕಿದರು, ಅವಸರದಲ್ಲಿ ಒಂದರ ಮೇಲೆ ಎರಡು ಬಿತ್ತು. ಮೂರು ಗಂಟೆಗೆ ಕ್ಯಾಂಟೀನಿನ ಹೊರಗೆ ಇಬ್ಬರನ್ನೂ ನಿಲ್ಲಿಸಿ ಪತ್ರ ಕೊಟ್ಟು, ಬೆಳಿಗ್ಗೆ ಸ್ವಲ್ಪ ಅದಲುಬದಲಾಗಿತ್ತು, ಈಗ ಸರಿಯಾಗಿದೆ ಎಂದು ನೆಲ ನೋಡುತ್ತಾ ಹೇಳಿದರು.

ರೇಡಿಯೊ ಪತ್ರ ಓದಿದ. ಯಾರೋ ಪ್ಲಗ್ ಕಿತ್ತಂತೆ ನಿಂತುಬಿಟ್ಟ. ಏನಾಯ್ತೋ ಎಂದು ಅಜ್ಜಿ ಕೇಳಿದ್ದಕ್ಕೆ, "ಏನಿಲ್ಲಜ್ಜಿ. ಪಾಠ ಮಾಡೋದಂತೆ. ಅದೂ ಒಳ್ಳೇದೇ" ಎಂದ. ಅಜ್ಜಿ ಮೊಮ್ಮಗನನ್ನು ಬಿಟ್ಟು ಗುಮಾಸ್ತರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ಮೌನಿ ಪತ್ರ ಮಡಿಚಿದಳು. ಆಮೇಲೆ, ಆ ವರ್ಷದಲ್ಲಿ ಅವಳು ಗುಮಾಸ್ತರೊಂದಿಗೆ ಆಡಿದ ಮೊದಲ ಮಾತು ಆಡಿದಳು. "ಸಾರ್, ಗುರುವಾರ ತ್ರಿಕೋನದ ಚುಕ್ಕೆ ತೋರಿಸ್ತೀನಿ ಅಂತ ಮೊದಲ ವರ್ಷದವರಿಗೆ ಹೇಳ್ಬಿಟ್ಟಿದ್ದೆ."

ಗುಮಾಸ್ತರು ಅಲ್ಲಿಂದ ನಡೆದರು. ಪ್ರಶಸ್ತಿ ಪಡೆದವಳ ಮುಖ ಹೀಗಿರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ಆದರೂ ನಿಯಮ ನಿಯಮವೇ. ಚೀಟಿಯಲ್ಲಿದ್ದಂತೆ ಆಯಿತಲ್ಲ ಎಂದು ಸಮಾಧಾನ ಮಾಡಿಕೊಂಡು, ಮುಖ ತೊಳೆದು, ಸಭಾಂಗಣದ ಕುರ್ಚಿ ಎಣಿಸಲು ಹೋದರು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಮುಖ್ಯಸ್ಥೆ ದಾಪುಗಾಲು ಹಾಕುತ್ತಾ ಬಂದರು. ಗುಮಾಸ್ತರನ್ನು ಕಂಡದ್ದೇ ಹತ್ತಿರ ಕರೆದರು. ಗುಮಾಸ್ತರಿಗೆ ನೆಲಮಾಳಿಗೆಯ ಕತ್ತಲೆ ಕಣ್ಣಿಗೆ ಕಟ್ಟಿತು. ಆದರೆ ಮುಖ್ಯಸ್ಥೆ ನಗುತ್ತಿದ್ದರು.

"ನಿಮ್ಮ ಬುದ್ಧಿಗೆ ಏನು ಹೇಳಲಿ ನಾನು? ನಿನ್ನೆ ಫೋನಲ್ಲಿ ಎರಡು ಹೆಸರನ್ನೂ ಉಲ್ಟಾ ಹೇಳ್ಬಿಟ್ಟಿದ್ದೆ. ಸಮಿತಿ ಪ್ರಶಸ್ತಿ ಕೊಟ್ಟಿದ್ದು ಆ ಹುಡುಗನ ಹನ್ನೊಂದು ಪುಟಕ್ಕೆ. ಪಾಠ ಆ ಹುಡುಗಿಗೆ. ಗ್ರಂಥಾಲಯದಲ್ಲಿ ಮೊದಲ ವರ್ಷದವರೆಲ್ಲ ಲೆಕ್ಕ ಕೇಳೋಕೆ ಅವಳ ಮೇಜಿಗೇ ಮುತ್ತಿಕೊಳ್ತಾರೆ. ಸಭೆಯಲ್ಲಿ ಕೂತಾಗ ನೆನಪಾಗಿ ಎದ್ದು ಓಡಿ ಬಂದೆ. ನೀವು ಕಚೇರಿಯಲ್ಲಿ ಇರಲಿಲ್ಲ. ಮೂರನೇ ಕೊಠಡಿ ದಾಟುವಾಗ ನೋಡ್ತೀನಿ, ಅವಳೇ ಪಾಠ ಮಾಡ್ತಿದ್ದಾಳೆ. ನನ್ನ ತಪ್ಪನ್ನ ನೀವೇ ಗುರುತಿಸಿ ಸರಿಮಾಡಿದೀರಿ ಅಂತ ಗೊತ್ತಾಗಿ ಜೀವ ತಣ್ಣಗಾಯ್ತು."

  ಪತ್ರಗಳನ್ನು ಮತ್ತೆ ಬದಲಿಸಲೆಂದು ಗುಮಾಸ್ತರು ಹೊರಗೆ ಓಡಲು ತಿರುಗುವಷ್ಟರಲ್ಲಿ ಮುಖ್ಯಸ್ಥೆ ಅವರ ತೋಳು ಹಿಡಿದು ವೇದಿಕೆಗೇ ಹತ್ತಿಸಿದರು. ತುಂಬಿದ ಸಭೆಗೆ ಎಲ್ಲವನ್ನೂ ವಿವರಿಸಿದರು. ವಿಭಾಗದ ಮಾನ ಉಳಿಸಿದ ಈ ಜಾಗೃತ ನೌಕರರಿಗೆ ಪ್ರಶಂಸಾಪತ್ರ ಕೊಡಲು ಶಿಫಾರಸು ಬರೆದಿದ್ದೇನೆ ಎಂದು ಕಡತ ಎತ್ತಿ ತೋರಿಸಿದರು. ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಗ್ರಂಥಪಾಲಕಿ ಮತ್ತು ಸ್ಟೋರ್ ಕೀಪರ್. ತಟ್ಟುತ್ತಲೇ ಇಬ್ಬರೂ ಹಿಂದಿನ ಬಾಗಿಲಿನ ಕಡೆ ಸರಿಯುತ್ತಿದ್ದರು.

"ಈಗ ಇಬ್ಬರೂ ಮೇಲೆ ಬಂದು ನಿಮ್ಮ ನಿಮ್ಮ ಪತ್ರ ಓದಿ" ಎಂದರು ಮುಖ್ಯಸ್ಥೆ.

ರೇಡಿಯೊ ಮೈಕಿನ ಮುಂದೆ ನಿಂತು, ಮೊದಲ ವರ್ಷದವರಿಗೆ ಪಾಠ ಹೇಳಲು ತನ್ನನ್ನು ಆರಿಸಲಾಗಿದೆ ಎಂದು ಓದಿದ. ಮೌನಿ ಪತ್ರವನ್ನು ಓದಲಿಲ್ಲ, ಸಭೆಗೆ ತಿರುಗಿಸಿ ಹಿಡಿದಳು. ಮೊದಲ ಸಾಲಿಗೆ "ಪ್ರಶಸ್ತಿ" ಎಂಬ ಪದ ದಪ್ಪಕ್ಷರದಲ್ಲಿ ಕಂಡಿತು. ಮುಖ್ಯಸ್ಥೆಯ ನಗು ಒಂದೊಂದೇ ಮೆಟ್ಟಿಲು ಇಳಿಯಿತು.

ಅಷ್ಟರಲ್ಲಿ ಅಜ್ಜಿ ಎದ್ದು ನಿಂತರು. ಮೈಕು ಅವರಿಗೆ ಬೇಕಿರಲಿಲ್ಲ. ಮೊಮ್ಮಗನ ಗಂಟಲು ಎಲ್ಲಿಂದ ಬಂತೆಂದು ಎಲ್ಲರಿಗೂ ತಿಳಿಯಿತು.

"ಬೆಳಿಗ್ಗೆ ಸರಿಯಾಗೇ ಇತ್ತು ತಾಯಿ. ಮೂರು ಗಂಟೆಗೆ ಈ ಯಪ್ಪನೇ ಬಂದು ಸರಿ ಮಾಡ್ತೀನಿ ಅಂತ ಬದಲಾಯಿಸಿದ್ದು."

ಮುಂದಿನದ್ದು ಎರಡು ನಿಮಿಷದ ಕೆಲಸ. ಮೌನಿ ಮತ್ತು ರೇಡಿಯೊ ವೇದಿಕೆಯ ಮೇಲೆಯೇ ಪತ್ರ ಬದಲಿಸಿಕೊಂಡರು. ಇಬ್ಬರ ಮುಖದಲ್ಲೂ ಬೆಳಕು ಹತ್ತಿತು. ಮೊದಲ ವರ್ಷದ ನಲವತ್ತು ಮಂದಿ ಬೆಂಚು ಬಡಿದರು. ರೇಡಿಯೊ ತನ್ನ ಹನ್ನೊಂದು ಪುಟವನ್ನು ಐದು ನಿಮಿಷದಲ್ಲಿ ಹೇಳಬೇಕಿತ್ತು, ಇಪ್ಪತ್ತೈದು ನಿಮಿಷ ಹೇಳಿದ, ಅಜ್ಜಿ ಒಂದಕ್ಷರ ತಿಳಿಯದಿದ್ದರೂ ಕಣ್ಣೊರೆಸಿಕೊಳ್ಳುತ್ತಾ ಪೂರ್ತಿ ಕೇಳಿದರು. ಆ ಸಂಭ್ರಮದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದವರು ಗುಮಾಸ್ತರೊಬ್ಬರೇ.

ಸಂಜೆ ಮುಖ್ಯಸ್ಥೆ ಕಚೇರಿಗೆ ಬಂದು ಪ್ರಶಂಸಾಪತ್ರದ ಶಿಫಾರಸನ್ನು ಹರಿದು ಬುಟ್ಟಿಗೆ ಹಾಕಿದರು. ಅದರ ಬದಲು ಒಂದು ಮೆಮೊ ಹೇಳಿ ಬರೆಸಿದರು. ಒಂದೇ ದಿನ ಎರಡು ಸಲ ಪತ್ರಗಳು ಅದಲುಬದಲಾಗಿವೆ. ಇವುಗಳಲ್ಲಿ ತಮ್ಮ ತಪ್ಪು ಯಾವುದು ಎಂದು ಮೂರು ದಿನದೊಳಗೆ ಲಿಖಿತ ವಿವರಣೆ ಕೊಡತಕ್ಕದ್ದು.

ವಿಭಾಗದಲ್ಲಿ ಟೈಪ್ ಮಾಡುವವರು ಒಬ್ಬರೇ. ಆದ್ದರಿಂದ ಗುಮಾಸ್ತರು ತಮಗೆ ತಾವೇ ಮೆಮೊ ಟೈಪ್ ಮಾಡಿ, ಲಕೋಟೆಗೆ ಹಾಕಿ, ರವಾನೆ ಪುಸ್ತಕದಲ್ಲಿ ಕಳಿಸಿದ್ದಕ್ಕೊಂದು, ತಲುಪಿದ್ದಕ್ಕೊಂದು ಸಹಿ ಹಾಕಿ, ತೆರೆದು ಓದಿದರು. ಆಮೇಲೆ ಉತ್ತರ ಬರೆಯಲು ಕೂತರು. ಹೆಸರು ಉಲ್ಟಾ ಹೇಳಿದವರು ಮುಖ್ಯಸ್ಥೆ. ಲಕೋಟೆ ಅದಲುಬದಲು ಮಾಡಿದವರು ಗ್ರಂಥಪಾಲಕಿ. ಅವೆರಡೂ ಸೇರಿ ಎಲ್ಲ ಸರಿಯಾಗಿತ್ತು. ಇಡೀ ದಿನದಲ್ಲಿ ತಾವು ಸ್ವಂತವಾಗಿ ಮಾಡಿದ್ದು ಒಂದೇ ಕೆಲಸ, ತಪ್ಪನ್ನು ತಿದ್ದಿದ್ದು. ಎಷ್ಟು ಸಲ ಕೂಡಿ ಕಳೆದರೂ ತಪ್ಪು ಅಲ್ಲಿಗೇ ಬಂದು ನಿಲ್ಲುತ್ತಿತ್ತು.