ಮನೆ ನೋಡುವ ಮರ್ಯಾದೆ

ಹೆಣ್ಣು ನೋಡಲು ಬರುವವರಿಗೆ ನಮ್ಮಲ್ಲಿ ಒಂದು ಕ್ರಮವಿದೆ. ಎಲ್ಲಿ ಕೂರಬೇಕು, ಉಪ್ಪಿಟ್ಟು ಎಷ್ಟು ತಿಂದು ಎಷ್ಟು ಬಿಡಬೇಕು, ಹುಡುಗಿ ಹಿಡಿಸದಿದ್ದರೆ "ಊರಿಗೆ ಹೋಗಿ ತಿಳಿಸ್ತೀವಿ" ಎಂದು ಹೇಗೆ ಮೆಲ್ಲಗೆ ಜಾರಿಕೊಳ್ಳಬೇಕು, ಎಲ್ಲವನ್ನೂ ಹಿರಿಯರು ಯಾವತ್ತೋ ತೀರ್ಮಾನಿಸಿಬಿಟ್ಟಿದ್ದಾರೆ. ಎಂಥ ಒರಟು ಬೀಗರೂ ಹುಡುಗಿಯ ಬೆನ್ನಿಗೆ ಗುದ್ದಿ ಗಟ್ಟಿ ಇದ್ದಾಳೆಯೇ ಎಂದು ಪರೀಕ್ಷಿಸುವುದಿಲ್ಲ. ಮನೆ ನೋಡಲು ಬರುವವರಿಗೆ ಮಾತ್ರ ಇಂಥ ಯಾವ ಕಟ್ಟುಪಾಡೂ ಇಲ್ಲ. ಗೋಡೆ ಕಂಡರೆ ಕುಟ್ಟುತ್ತಾರೆ, ನಲ್ಲಿ ಕಂಡರೆ ತಿರುಗಿಸುತ್ತಾರೆ, ಬಾಗಿಲು ಕಂಡರೆ ತೆರೆಯುತ್ತಾರೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು ಮನೆ ಮಾರಿ ನೋಡು ಎನ್ನಲಿಲ್ಲ. ಆ ಕಾಲದಲ್ಲಿ ಯಾರೂ ಮಾರುತ್ತಿರಲಿಲ್ಲವೋ ಏನೋ. ನಾನು ಮಾರಲು ಹೊರಟವಳು. ಹಾಗಾಗಿ ಈ ವಿಷಯದಲ್ಲಿ ನಾಲ್ಕು ಮಾತು ಹೇಳುವ ಅಧಿಕಾರ ನನಗೆ ಧಾರಾಳವಾಗಿ ಇದೆ ಎಂದೇ ನಂಬಿದ್ದೇನೆ.

ನಮ್ಮ ಮನೆ ಇರುವುದು ಕುಶಾಲನಗರದಲ್ಲಿ, ಹೊಳೆಯಿಂದ ಎರಡು ಬೀದಿ ಈಚೆಗೆ. ಬೀದಿಗೆ ಮುಖ ಮಾಡಿದ ಕೋಣೆಯಲ್ಲಿ ನನ್ನ ಟೈಲರಿಂಗ್ ಅಂಗಡಿ. ನಮ್ಮವರು, ಹೆಸರು ಮಂಜುನಾಥ, ಮೂರ್ನಾಡಿನ ಹತ್ತಿರ ಒಂದು ಎಸ್ಟೇಟಿನಲ್ಲಿ ರೈಟರ್. ಹೊರಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ಎಸ್ಟೇಟಿನ ರೈಟರ್ ಕಥೆ ಬರೆಯುವುದಿಲ್ಲ, ಆಳುಗಳ ಹಾಜರಿ ಬರೆಯುತ್ತಾರೆ. ಕಥೆ ಹೇಳುವ ಕೆಲಸ ಆಳುಗಳದು. ದಿನಾ ಬೆಳಗ್ಗೆ ಬಸ್ಸು ಹಿಡಿದು, ಮಡಿಕೇರಿಯಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಓಡಿ, ಸಂಜೆ ಅದೇ ತಿರುವುಗಳನ್ನು ಮತ್ತೆ ಇಳಿದು ಬಂದು ಅವರ ಸೊಂಟ ಹಿಡಿದುಕೊಂಡಿತು. ಡಾಕ್ಟರು, ಸಕ್ಕರೆ ಕಡಿಮೆ ಮಾಡಿ ಎನ್ನುವಷ್ಟು ಸಲೀಸಾಗಿ, "ಬಸ್ಸು ಕಡಿಮೆ ಮಾಡಿ" ಎಂದರು. ಎಸ್ಟೇಟಿನವರು ರಜೆ ಕೊಡುವುದಿಲ್ಲ, ಆ ವಯಸ್ಸಿನಲ್ಲಿ ಬೇರೆ ಕೆಲಸ ಸಿಕ್ಕುವುದಿಲ್ಲ. "ಇದಕ್ಕೇನು ಯೋಚನೆ? ಈ ಮನೆ ಮಾರಿ ಮೂರ್ನಾಡಿನಲ್ಲೇ ಒಂದು ತಗೊಳ್ಳೋಣ. ಮಿಷನ್ ಎಲ್ಲಿಟ್ಟರೂ ಹೊಲಿಯುತ್ತೆ ರೀ" ಎಂದು ಅಲ್ಲೇ, ಡಾಕ್ಟರ ಮುಂದೆಯೇ, ಹೇಳಿಬಿಟ್ಟವಳು ನಾನೇ. ತೀರ್ಮಾನ ತೆಗೆದುಕೊಳ್ಳುವುದರಲ್ಲಿ ನಾನು ಎತ್ತಿದ ಕೈ.

ಬ್ರೋಕರ್ ಹಂಸ ಅವರಿಗೆ ಹೇಳಿಯಾಯಿತು. ಅವರು ಮನೆಯನ್ನು ಒಂದು ಸುತ್ತು ಬಂದು, ನನ್ನನ್ನು ಪಕ್ಕಕ್ಕೆ ಕರೆದು ಒಂದೇ ಉಪದೇಶ ಕೊಟ್ಟರು. "ಅಕ್ಕಾ, ಪಾರ್ಟಿ ಬಂದ್ರೆ ಕಾಫಿ ಕೊಡಿ. ಕಥೆ ಕೊಡ್ಬೇಡಿ." ಈ ಉಪದೇಶವನ್ನು ಅವರು ನನಗಲ್ಲ, ನಮ್ಮ ಅತ್ತೆಗೆ ಕೊಡಬೇಕಿತ್ತು.

ಅತ್ತೆ ಶಿರಂಗಾಲದಲ್ಲಿ ಹೊಲ ಮಾಡಿಕೊಂಡಿದ್ದವರು. ಅವರ ಮಾವನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ನೆಲೆಸಿದ ಕುಟುಂಬ. ಮಾತಿನಲ್ಲಿ ಹಾಸನ ಇನ್ನೂ ಹಾಗೇ ಇದೆ. ಮನೆ ನೋಡಲು ಮೊದಲು ಬಂದದ್ದು ಬೆಂಗಳೂರಿನ ಒಂದು ಜೋಡಿ. ಕೊಡಗು ಎಂದರೆ ಅವರ ಮನಸ್ಸಿನಲ್ಲಿ ಏನಿತ್ತೋ, ಟೆರೇಸಿಗೆ ಹತ್ತಿದವರೇ "ವ್ಯೂ ಎಲ್ಲಿ?" ಎಂದು ಕೇಳಿದರು. ನಮ್ಮ ಟೆರೇಸಿನಿಂದ ಕಾಣುವುದು ಪಕ್ಕದ ಮನೆಯವರ ನೀರಿನ ಟ್ಯಾಂಕು, ಅದರಾಚೆ ಅವರ ತಮ್ಮನ ಮನೆಯ ನೀರಿನ ಟ್ಯಾಂಕು. ಇಳಿದು ಬಂದ ಆ ಹುಡುಗಿ, ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದ ಅತ್ತೆಯನ್ನು ಬಹಳ ಪ್ರೀತಿಯಿಂದ "ಅಜ್ಜಿ, ಇಲ್ಲಿ ಬೆಳಗ್ಗೆ ಹೊತ್ತು ಮಂಜು ಇರುತ್ತಾ?" ಎಂದು ಕೇಳಿದಳು.

"ಬೆಳಗ್ಗೆ ಎಲ್ಲಿರ್ತಾನೆ? ಕೋಳಿ ಕೂಗೋವಾಗ್ಲೇ ಹೊಂಟೋಯ್ತಾನೆ. ಬರೋದು ಕತ್ಲಾದ ಮ್ಯಾಲೇಯ" ಎಂದರು ಅತ್ತೆ. ಸ್ವಲ್ಪ ಯೋಚಿಸಿ, "ಭಾನ್ವಾರ ಮಾತ್ರ ದಿನಪೂರ್ತಿ ಮನೇಲೇ ಬಿದ್ದಿರ್ತಾನೆ" ಎಂದೂ ಸೇರಿಸಿದರು. ಹುಡುಗಿ ಗಂಡನ ಮುಖ ನೋಡಿದಳು. ಭಾನುವಾರಕ್ಕೆ ಮಾತ್ರ ಬರುವ ಮಂಜಿನ ಬಗ್ಗೆ ಅವರು ದಾರಿಯುದ್ದಕ್ಕೂ ಏನು ಮಾತಾಡಿಕೊಂಡರೋ ತಿಳಿಯದು. ಮತ್ತೆ ಫೋನ್ ಬರಲಿಲ್ಲ.

ಆಮೇಲೆ ಬಂದವರು ಸೋಮವಾರಪೇಟೆಯ ಒಬ್ಬ ಏಲಕ್ಕಿ ವ್ಯಾಪಾರಿ ಮತ್ತು ಅವರ ಹೆಂಡತಿ. ಹಲಸಿನ ಹಣ್ಣು ತೆಗೆದುಕೊಳ್ಳುವವರ ಹಾಗೆ ಅವರು ಪ್ರತಿ ಗೋಡೆಗೂ ಬೆರಳಿನ ಗೆಣ್ಣಿನಿಂದ ಬಡಿದು ಕಿವಿಯಿಟ್ಟರು. ಹೆಂಡತಿ ನನ್ನ ಅಡುಗೆಮನೆಗೆ ಹೋಗಿ, ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳ ತೆಗೆದು "ಓ, ಸೊಪ್ಪಿನ ಸಾರಾ?" ಎಂದರು. ಸಾರನ್ನು ನಾವು ಮನೆಯ ಜೊತೆ ಮಾರುತ್ತಿಲ್ಲ ಎಂದು ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೂ ಅವರಿಗೆ ಮನೆ ಹಿಡಿಸಿತ್ತು. ಅಂಗಡಿ ಇರುವ ಮುಂದಿನ ಕೋಣೆಯಲ್ಲಿ ನಿಂತು, "ಈ ಕಿಟಕಿ ಮುಚ್ಚಿಸಿ ಇಲ್ಲಿ ಗೋಡೌನ್ ಮಾಡಬಹುದು" ಎಂದು ಲೆಕ್ಕ ಹಾಕುತ್ತಿದ್ದರು. ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದು, "ಗೋಡೌನ್ ಮಾಡಿದ್ರೆ ಮೂಟೆ ವಸಿ ಎತ್ರದಲ್ಲಿ ಮಡಿಕ್ಕಳಿ. ಆ ವರ್ಸ ಹೊಳೆ ಉಕ್ಕಿ ಇಲ್ಲೀಗಂಟ ನೀರು ಬಂದಿತ್ತು" ಎಂದು ತಮ್ಮ ಮೊಣಕಾಲು ಮುಟ್ಟಿ ತೋರಿಸಿದರು. ವ್ಯಾಪಾರಿ ಗೋಡೆ ಬಡಿಯುವುದನ್ನು ನಿಲ್ಲಿಸಿ ಚಪ್ಪಲಿ ಹುಡುಕಿದರು.

ನೀರು ಬಂದದ್ದು ನಿಜ. ಮುಚ್ಚಿಡಬೇಕೆಂದು ನನಗೂ ಇರಲಿಲ್ಲ. ಆದರೆ ಹೇಳುವುದಕ್ಕೂ ಒಂದು ಕ್ರಮ ಬೇಡವೇ? ಮೊದಲು ಕಾಫಿ, ಆಮೇಲೆ ಬಾವಿಯ ನೀರಿನ ರುಚಿ, ಅದಾದ ಮೇಲೆ ಮೆಲ್ಲಗೆ ಹೊಳೆಯ ನೀರು. ಹಂಸ ತಲೆ ಮೇಲೆ ಕೈ ಹೊತ್ತರು. ಅದೇ ಸಂಜೆ ನಾನು ನಮ್ಮವರಿಗೆ ಬಂದವರ ತಪ್ಪುಗಳನ್ನೆಲ್ಲ ವಿವರವಾಗಿ ಹೇಳಿದೆ. ವಾಸ್ತು ನೋಡಲು ಮೊಬೈಲ್ ಹಿಡಿದು ನಮ್ಮ ದೇವರಕೋಣೆಯಲ್ಲೇ ಗಿರಗಿರನೆ ತಿರುಗಿದವರು, ಕೊಳ್ಳುವ ಯೋಚನೆಯೇ ಇಲ್ಲದೆ ಹೊತ್ತು ಕಳೆಯಲು ಬಂದ ಹಿಂದಿನ ಬೀದಿಯವರು, ಯಾರನ್ನೂ ಬಿಡಲಿಲ್ಲ. ನಮ್ಮವರು ಸೊಂಟಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತಾ ಕೇಳಿಸಿಕೊಂಡು, "ಮನೆ ತಗೊಳ್ಳೋರು ಬೇಕಲ್ವಾ ಸುಧಾ, ಅಳಿಯಂದಿರನ್ನ ಹುಡುಕ್ತಾ ಇಲ್ಲ ನಾವು" ಎಂದು ಮಗ್ಗುಲಾದರು.

ಇಷ್ಟರ ನಡುವೆ ಮೂರ್ನಾಡಿನಲ್ಲಿ ಒಂದು ಮನೆ ಇದೆ ಎಂದು ಸುದ್ದಿ ಬಂತು. ಈಗ ನಾವು ಕೊಳ್ಳುವವರು. ಹೇಗೆ ಮನೆ ನೋಡಬೇಕು ಎಂಬುದನ್ನು ಲೋಕಕ್ಕೆ ತೋರಿಸಿಕೊಡುವ ಅವಕಾಶ ಎಂದುಕೊಂಡೇ ಹೊರಟೆ. ನಮ್ಮವರಿಗೆ ಬಸ್ಸಿನಲ್ಲೇ ತಾಕೀತು ಮಾಡಿದ್ದೆ: ಗೋಡೆ ಮುಟ್ಟಕೂಡದು, ಕೇಳದೆ ಒಳಕೋಣೆಗೆ ಹೋಗಕೂಡದು, ಕೊಟ್ಟದ್ದನ್ನು ತಿನ್ನಬೇಕು. ಮನೆಯ ಯಜಮಾನರು ಪೂವಯ್ಯ, ಸೈನ್ಯದಲ್ಲಿದ್ದು ನಿವೃತ್ತರಾದವರು, ಮೀಸೆಯನ್ನು ಇನ್ನೂ ನಿವೃತ್ತಿ ಮಾಡಿರಲಿಲ್ಲ. ಗೇಟಿನಲ್ಲೇ ನಮ್ಮನ್ನು ಬರಮಾಡಿಕೊಂಡು, "ಬನ್ನಿ ಬನ್ನಿ. ಮನೆ ಏನು, ಬಂಕರ್ ಉಂಟು ಇದು! ಗುಂಡು ಹೊಡೆದ್ರೂ ಏನೂ ಆಗ್ಲಿಕ್ಕಿಲ್ಲ" ಎಂದು ಗೋಡೆಗೆ ತಾವೇ ಗುದ್ದಿ ತೋರಿಸಿದರು. ಇದನ್ನೆಲ್ಲ ಮಾರಿ ಮೈಸೂರಿನಲ್ಲಿ ಫ್ಲ್ಯಾಟ್ ತೆಗೆದುಕೊಳ್ಳುವುದು ಅವರ ಆಸೆ. ಅಲ್ಲಿ ಲಿಫ್ಟ್ ಇದೆಯಂತೆ. ಲಿಫ್ಟಿನ ವಿಷಯ ಹೇಳುವಾಗ ಅವರ ಮುಖ ಮಗುವಿನ ಮುಖದಂತೆ ಅರಳುತ್ತಿತ್ತು.

ಅವರು ನಮ್ಮವರನ್ನು ಕಾಫಿ ಒಣಗಿಸುವ ಕಣ ತೋರಿಸಲು ಕರೆದುಕೊಂಡು ಹೋದಾಗ ಅವರ ಹೆಂಡತಿ ಪೊನ್ನಮ್ಮ ನನಗೆ ಅಡುಗೆಮನೆಯಲ್ಲಿ ಕಾಫಿ, ಅಕ್ಕಿ ರೊಟ್ಟಿ ಕೊಟ್ಟರು. ಕೊಟ್ಟು, ಎದುರು ಕೂತು, ಸಣ್ಣ ದನಿಯಲ್ಲಿ ಶುರು ಮಾಡಿದರು.

"ಮಳೆಗಾಲದಲ್ಲಿ ಇಲ್ಲಿ ಬಟ್ಟೆ ಒಣಗೋದೇ ಇಲ್ಲ ಮಾರಾಯ್ತಿ. ಜಿಗಣೆ ಸ್ನಾನದ ಮನೆವರೆಗೆ ಬರ್ತದೆ."

"ಹೌದಾ?"

"ಕರೆಂಟು ಹೋದ್ರೆ ವಾರ ಬರ್ಲಿಕ್ಕಿಲ್ಲ. ಹಿಂದಿನ ತೋಟಕ್ಕೆ ಆನೆ ಬರ್ತದೆ. ಮೊನ್ನೆ ಹಲಸಿನ ಮರದ ಹತ್ರ ನಿಂತಿತ್ತು, ನಾನೇ ನೋಡಿದ್ದು. ನೀವು ಬಯಲು ಕಡೆಯವರು, ನಿಮಗೆ ಆಗ್ಲಿಕ್ಕಿಲ್ಲ."

ಹೀಗೆ ಹೇಳುತ್ತಲೇ ಅವರ ಕೈ ಒಲೆಯ ಪಕ್ಕದ ಕಟ್ಟೆಯನ್ನು ಒರೆಸುತ್ತಿತ್ತು, ಒರೆಸಿದ್ದನ್ನೇ ಮತ್ತೆ ಒರೆಸುತ್ತಿತ್ತು. ಆ ಕಟ್ಟೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮಾರುವ ಮನೆಯ ಕಟ್ಟೆಯನ್ನು ಯಾರೂ ಹಾಗೆ ಒರೆಸುವುದಿಲ್ಲ. "ನಿಮಗೆ ಮೈಸೂರಿಗೆ ಹೋಗೋಕೆ ಇಷ್ಟ ಇಲ್ಲ ಅಲ್ವಾ?" ಎಂದು ಕೇಳಿದೆ. ಪೊನ್ನಮ್ಮ ಬಾಗಿಲ ಕಡೆ ನೋಡಿದರು. "ಲಿಫ್ಟ್ ಅಂದ್ರೆ ನಂಗೆ ಹೆದರಿಕೆ" ಎಂದರು. ಆಮೇಲೆ, "ಲಿಫ್ಟ್ ಮಾತ್ರ ಅಲ್ಲ" ಎಂದು ಮತ್ತೆ ಕಟ್ಟೆ ಒರೆಸಿದರು.

ಒಡತಿಗೆ ಮನಸ್ಸಿಲ್ಲದ ಮನೆಯನ್ನು ಕೊಳ್ಳುವುದು ಮರ್ಯಾದೆಯಲ್ಲ. ಬಸ್ಸಿನಲ್ಲಿ ನಮ್ಮವರಿಗೆ ಅದನ್ನೇ ಹೇಳಿದೆ. ಬಂಕರು ಅವರಿಗೆ ಬಹಳ ಹಿಡಿಸಿತ್ತು, ಪಾಪ; ಆದರೂ ಒಪ್ಪಿದರು. ಮಡಿಕೇರಿ ದಾಟಿ ಬಸ್ಸು ತಿರುವುಗಳಲ್ಲಿ ಇಳಿಯುತ್ತಿದ್ದಾಗ ನನಗೆ ಇನ್ನೊಂದು ಹೊಳೆಯಿತು. ಪೊನ್ನಮ್ಮ ಜಿಗಣೆ, ಆನೆ ಎಂದರು. ನಮ್ಮ ಅತ್ತೆ ಹೊಳೆ ನೀರು ಎಂದರು. ಎರಡೂ ಒಂದೇ ಮಾತಲ್ಲವೇ? ಅಯ್ಯೋ, ಆ ಜೀವಕ್ಕೆ ಮನೆ ಬಿಡಲು ಇಷ್ಟವಿಲ್ಲ, ಬಾಯಿಬಿಟ್ಟು ಹೇಳಲಾಗದೆ ಹೀಗೆ ಒದ್ದಾಡುತ್ತಿದೆ, ನಾನು ಅದನ್ನು ಬಾಯಿಬಡುಕತನ ಎಂದುಕೊಂಡೆ ಎಂದು ಮರುಗಿದೆ. ಜೊತೆಗೆ, ಬೇರೆಯವರ ಮನಸ್ಸನ್ನು ಇಷ್ಟು ಚೆನ್ನಾಗಿ ಓದುವ ಸೊಸೆ ಸಿಕ್ಕಿದ್ದು ಅವರ ಪುಣ್ಯ ಎಂದೂ ಅನ್ನಿಸದೇ ಇರಲಿಲ್ಲ.

ಮನೆಗೆ ಬಂದವಳೇ ಅತ್ತೆಯ ಪಕ್ಕ ಕೂತು ಅವರ ಕೈ ಹಿಡಿದುಕೊಂಡೆ. "ಅತ್ತೆ, ನಿಮಗೆ ಈ ಮನೆ ಬಿಡೋಕೆ ಇಷ್ಟ ಇಲ್ಲ. ನನಗೆ ಎಲ್ಲಾ ಗೊತ್ತಾಯ್ತು. ಸಂಕೋಚ ಬೇಡ, ಹೇಳಿ" ಎಂದೆ.

ಅತ್ತೆ ಕೈ ಬಿಡಿಸಿಕೊಂಡು ನನ್ನನ್ನೇ ನೋಡಿದರು. "ನಂಗೇನವ್ವ? ಹುಟ್ಟಿದ್ ಊರು ಬುಟ್ಟು ಸಿರಂಗಾಲಕ್ ಬಂದೆ, ಸಿರಂಗಾಲ ಬುಟ್ಟು ಇಲ್ಗೆ ಬಂದೆ. ಮೂರ್ನಾಡಿಗೆ ಬರಕ್ಕೇನು? ಇಷ್ಟ ಇಲ್ದಿರೋದು ನಿಂಗೆ."

"ನನಗಾ?"

"ಇನ್ಯಾರ್ಗೆ? ಬಂದೋರಲ್ಲಿ ಒಬ್ರಾದ್ರೂ ನಿಂಗೆ ಸರಿ ಕಂಡ್ರಾ? ಗೋಡೆ ಕುಟ್ಟುದ್ರೆ ಮರ್ಯಾದೆ ಇಲ್ಲ ಅಂದೆ. ಕುಟ್ದೆ ಹಂಗೇ ನೋಡ್ಕೊಂಡು ಹೋದೋರ್ನ ಬುದ್ಧಿ ಇಲ್ಲ ಅಂದೆ. ಕಾಫಿ ಕುಡುದ್ರೆ ಆಸೆಬುರುಕ್ರು, ಕುಡೀದಿದ್ರೆ ಸೊಕ್ಕು. ಆ ಏಲಕ್ಕಿಯವ್ನು ಕಿಟಕಿ ಮುಚ್ಚುಸ್ತೀನಿ ಅಂದಾಗ ನಿನ್ ಮುಖ ನೀನು ನೋಡ್ಕೊಂಡಿಲ್ಲ. ಮಿಷನ್ ಮ್ಯಾಲೆ ಕೈ ಮಡಿಕ್ಕಂಡು ನಿಂತಿದ್ದೆ, ಎಳ್ಕೊಂಡು ಹೋಯ್ತಾನೇನೋ ಅನ್ನಂಗೆ. ಮಂಜನ ಸೊಂಟ ನೆನುಸ್ಕೊಂಡು ನೀನಾಗಿ ಬ್ಯಾಡ ಅನ್ನಾಕಿಲ್ಲ. ಅದ್ಕೇ ನಾನೇ ಕಳುಸ್ತಿದ್ದೆ. ಸುಳ್ಳು ಒಂದ್ ಮಾತೂ ಆಡಿಲ್ಲ ಕಣವ್ವ."

ಬಾಗಿಲಲ್ಲಿ ನಿಂತಿದ್ದ ನಮ್ಮವರು ನಗುತ್ತಿದ್ದರು. "ನಿಮಗೂ ಗೊತ್ತಿತ್ತಾ?" ಎಂದೆ. "ಡಾಕ್ಟರ ಮುಂದೆ ಮಿಷನ್ ಎಲ್ಲಿಟ್ಟರೂ ಹೊಲಿಯುತ್ತೆ ಅಂದ್ಯಲ್ಲ, ಆಗ್ಲೇ. ಯಾರೂ ಕೇಳದೇ ಇದ್ದಾಗ ಮಿಷನ್ ಮಾತು ಯಾಕೆ ಬಂತು?" ಎಂದರು. ನಾನು ಎದ್ದು ಮುಂದಿನ ಕೋಣೆಗೆ ಹೋಗಿ ಮಿಷನ್ನಿಗೆ ಬಟ್ಟೆ ಹೊದಿಸಿ ಬಂದೆ.

ದಾರಿ ತೋರಿಸಿದವರು ಕೊನೆಗೆ ಪೊನ್ನಮ್ಮನೇ. ಮುಂದಿನ ವಾರ ಅವರೇ ಫೋನ್ ಮಾಡಿ, ನಮ್ಮವರು ಬೇಕಾದರೆ ತಮ್ಮ ಮನೆಯ ಹೊರಕೋಣೆಯಲ್ಲಿ ಬಾಡಿಗೆಗೆ ಇರಲಿ, ಊಟವೂ ಅಲ್ಲೇ ಆಗಲಿ ಎಂದರು. ಬಾಡಿಗೆಗೆ ಒಬ್ಬರು ಇದ್ದಾರೆ ಎಂದರೆ ಪೂವಯ್ಯನವರ ಲಿಫ್ಟು ಸ್ವಲ್ಪ ಕಾಲ ಕೆಳಗೇ ನಿಂತಿರುತ್ತದೆ ಎಂಬುದು ಅವರ ಉಪಾಯ. ಈಗ ನಮ್ಮವರು ಶನಿವಾರ ಸಂಜೆ ಬಂದು ಸೋಮವಾರ ಬೆಳಗ್ಗೆ ಹೋಗುತ್ತಾರೆ. ಸೊಂಟ ಸುಧಾರಿಸಿದೆ. ಅಕ್ಕಿ ರೊಟ್ಟಿ ತಿಂದು ಸುತ್ತಳತೆ ಹೆಚ್ಚಾಗಿ, ಅವರ ಪ್ಯಾಂಟುಗಳನ್ನೆಲ್ಲ ಬಿಚ್ಚಿ ಹೊಲಿಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಮನೆ ಮಾರುವುದಿಲ್ಲ ಎಂದು ಹಂಸ ಅವರಿಗೆ ಹೇಳಿ ಕೈಮುಗಿದದ್ದೂ ಆಯಿತು. ಆದರೆ ಅವರು ಮೊದಲೇ ವಿಳಾಸ ಕೊಟ್ಟಿದ್ದ ಒಬ್ಬ ಮೇಷ್ಟ್ರು, ಅವರ ಹೆಂಡತಿ ಒಂದು ಮಧ್ಯಾಹ್ನ ತಾವಾಗಿಯೇ ಹುಡುಕಿಕೊಂಡು ಬಂದರು. ಎಷ್ಟು ಒಳ್ಳೆಯ ಜನ ಅಂತೀರಿ! ಚಪ್ಪಲಿ ಜೋಡಿಸಿ ಬಿಟ್ಟರು, ಕೇಳಿ ಒಳಗೆ ಬಂದರು, ಕೈ ಕಟ್ಟಿಕೊಂಡು ನೋಡಿದರು. ನಾನು ಮುಂದಿನ ಕೋಣೆಗೆ ಬೆಳಕು ಹೇಗೆ ಬೀಳುತ್ತದೆ ಎಂಬುದನ್ನು ತೋರಿಸಿದೆ, ಬಾವಿಯ ನೀರು ಕುಡಿಸಿದೆ, ಟೆರೇಸಿಗೆ ಹತ್ತಿಸಿದೆ, ಹೊಳೆ ನೀರಿನ ಕಥೆಯನ್ನೂ ನಾನೇ ಹೇಳಿದೆ. ಆ ನೀರಿಗೂ ಒಂದು ಬಿರುಕು ಬಿಡದ ಗೋಡೆ ಇದು ಎಂದೆ. ಕಾಫಿ ಎರಡು ಸಲ ಆಯಿತು. "ನಮಗೆ ತುಂಬಾ ಹಿಡಿಸಿತು. ಯಾವತ್ತು ಮಾತಿಗೆ ಕೂರೋಣ?" ಎಂದು ಮೇಷ್ಟ್ರು ಕೇಳಿದಾಗಲೇ, "ಅಯ್ಯೋ, ಮನೆ ಮಾರ್ತಾ ಇಲ್ವಲ್ಲ" ಎಂದೆ.

ಮೇಷ್ಟ್ರ ಹೆಂಡತಿ ಕಾಫಿ ಲೋಟ ಕೆಳಗಿಟ್ಟರು. "ಮತ್ತೆ ಇಷ್ಟು ಹೊತ್ತು ತೋರಿಸಿದ್ದು ಯಾಕ್ರೀ?" ಎಂದರು.

ನ್ಯಾಯವಾದ ಪ್ರಶ್ನೆ. ನೀವು ಇಷ್ಟು ಚೆನ್ನಾಗಿ ನೋಡುತ್ತಿದ್ದಿರಿ, ಅದಕ್ಕೇ ಎಂದು ಹೇಳಬಹುದಿತ್ತು, ಹೇಳಲಿಲ್ಲ. ಅವರು ಹೋಗುವಾಗ ಗೇಟನ್ನು ಹಾರುಹೊಡೆದು ಹಾಗೇ ಬಿಟ್ಟು ಹೋದರು. ನಾನೇ ಹೋಗಿ ಹಾಕಿಕೊಂಡು ಬಂದೆ. ಗೇಟಿನ ವಿಷಯವನ್ನು ಮಾತ್ರ ಆ ಶನಿವಾರ ನಮ್ಮವರ ಮುಂದೆ ಎತ್ತಲಿಲ್ಲ.