ಬಚ್ಚಲು ಚಿಲಕದ ಚಳವಳಿ

‘ಟ್ರಿವಿಯಲ್’ ಎಂಬ ಇಂಗ್ಲಿಷ್ ಪದವನ್ನು ತುಮಕೂರು ಜಿಲ್ಲೆಯಿಂದಲೇ ಗಡಿಪಾರು ಮಾಡುವುದಾಗಿ ಓಬಳಯ್ಯ ಬೆಳಗಿನ ಕಾಫಿಯ ಹೊತ್ತಿಗೆ ಘೋಷಿಸಿದರು.

ಗುಬ್ಬಿ ಕಡೆಯ ಒಂದು ಬಸ್ ನಿಲ್ದಾಣದಲ್ಲಿ ಹೆಂಗಸರ ಶೌಚಾಲಯಕ್ಕೆ ಚಿಲಕವಿರಲಿಲ್ಲ. ಮನವಿ ಕೊಡಲು ಹೋದಾಗ ಅಧಿಕಾರಿಯೊಬ್ಬ, “ಇದು ಟ್ರಿವಿಯಲ್ ಮ್ಯಾಟರ್ ಕಣ್ರೀ” ಅಂದಿದ್ದ. ಅವನು ಅಂದ ಗತ್ತು ನೋಡಿ ಏನೋ ದೊಡ್ಡ ವಿಷಯವಿರಬೇಕೆಂದುಕೊಂಡು ಓಬಳಯ್ಯ ಕೈಮುಗಿದು ಬಂದಿದ್ದರು. ಪಿಯುಸಿ ಓದುವ ಮೊಮ್ಮಗಳು ಕೃತಿಕಾ ಅರ್ಥ ಹೇಳಿದ ಮೇಲೆ ಮುಗಿದ ಕೈ ಉರಿಯತೊಡಗಿತು.

“ಲೆಕ್ಕಕ್ಕಿಲ್ಲದ್ದು ಅಂತ ತಾತ. ತಲೆ ಕೆಡಿಸ್ಕೊಳ್ಳೋ ಅಂಥದ್ದಲ್ಲ ಅಂತ.”

“ಎಂಥ ಕಡೆ ಬಳಸ್ತಾರೆ?”

“ಜಾಸ್ತಿ ಬೇರೆಯವರ ತೊಂದ್ರೆಗೇ ಬಳಸ್ತಾರೆ.”

ಹೋರಾಟಕ್ಕೆ ಅಷ್ಟು ಸಾಕಾಯಿತು. ಭಾನುವಾರ ತುಮಕೂರಿನಲ್ಲಿ ಓಬಳಯ್ಯನವರ ಮನೆಯಲ್ಲೇ ಸಭೆ ಎಂದು ನಿಗದಿಯಾಯಿತು. ಗುಬ್ಬಿಯಿಂದ ನಯಾಜ್ ಅಹಮದ್, ಕುಣಿಗಲ್ಲಿನಿಂದ ಕದರಮ್ಮ, ಜೊತೆಗೆ ಅವರವರ ಜನ. ಅಂದೇ ಹೋರಾಟದ ಸಂಚಾಲಕರ ಆಯ್ಕೆ. ಲಾಠಿ ಏಟು ತಿಂದು, ಜೈಲಿನ ಸೊಪ್ಪಿನ ಸಾರು ಉಂಡು, ತಲೆ ಬೆಳ್ಳಗಾದರೂ ಓಬಳಯ್ಯ ಒಮ್ಮೆಯೂ ಸಂಚಾಲಕರಾದವರಲ್ಲ. ಇಷ್ಟು ವರ್ಷದ ಚಳವಳಿಯಲ್ಲಿ ಅವರ ಪಾಲಿಗೆ ಬಂದದ್ದು ಮೈಕು ಹೊರುವ ಕೆಲಸ. ಈ ಸಲ ಬಿಡಬಾರದು ಎಂದುಕೊಂಡಿದ್ದರು. ಹೆಂಡತಿ ಪುಟ್ಟಗಂಗಮ್ಮನ ಬಸ್ಸಾರು, ಮುದ್ದೆ ಉಂಡವರು ಅದೇ ಮನೆಯಲ್ಲಿ ಕೂತು ಬೇರೆಯವರ ಹೆಸರು ಹೇಳಲಾರರು ಎಂಬುದು ಅವರ ರಾಜಕೀಯ.

ಹೇಳುವುದು ಮರೆತಿದ್ದೆ, ಓಬಳಯ್ಯನವರ ಬಚ್ಚಲು ಬಾಗಿಲಿಗೂ ಚಿಲಕವಿರಲಿಲ್ಲ. ಯುಗಾದಿಗೆ ಕಿತ್ತುಬಂದದ್ದು. ಒಳಗಿದ್ದವರು ಸದ್ದು ಮಾಡುತ್ತಿರಬೇಕಿತ್ತು. ಓಬಳಯ್ಯ ಘೋಷಣೆ ಕೂಗುತ್ತ ಮೈ ತೊಳೆಯುತ್ತಿದ್ದರು. ಪುಟ್ಟಗಂಗಮ್ಮ ತುಂಬಿದ ಬಕೆಟ್ಟನ್ನು ಬಾಗಿಲಿಗೆ ಒತ್ತಿಟ್ಟು, ಅದರ ಅಂಚಿನ ಮೇಲೊಂದು ಕಾಲಿಟ್ಟು ಸ್ನಾನ ಮುಗಿಸುತ್ತಿದ್ದಳು.

ಭಾನುವಾರ ಬೆಳಿಗ್ಗೆ ಅವಳು, ಹೆಣ್ಣುಮಕ್ಕಳೂ ಬರುತ್ತಿದ್ದಾರೆ, ಇವತ್ತಾದರೂ ಚಿಲಕ ಹಾಕಿಸಿ ಎಂದಳು. ಭಾಷಣ ತಿದ್ದುತ್ತಿದ್ದ ಓಬಳಯ್ಯ ತಲೆ ಎತ್ತಲಿಲ್ಲ.

“ಅಂಥ ಟ್ರಿವಿಯಲ್ ವಿಷ್ಯಾನೆಲ್ಲ ಈಗ ತರಬ್ಯಾಡ ಕಣೇ.”

ಪದ ಬಾಯಿಗೆ ರುಚಿಯಾಗಿಯೇ ಇತ್ತು. ಇನ್ನೊಂದು ಸಲ ಅಂದರು.

ಪುಟ್ಟಗಂಗಮ್ಮ ಒಲೆ ಆರಿಸಿದಳು. ಚಾಪೆ, ನೀರಿನ ಬಾಟಲು ತೆಗೆದುಕೊಂಡು ಗೇಟಿನ ಹೊರಗೆ ಹೋದಳು. ನೆರಳು ನೋಡಿ ಚಾಪೆ ಹಾಸಿದಳು, ತಲೆಗೊಂದು ಟವೆಲ್ಲು ಹೊದ್ದು ಕೂತಳು. ಗಂಡನಿಗಾದರೆ ಧರಣಿಯಲ್ಲಿ ಮೈಕು ನೋಡಿಕೊಳ್ಳುವ ಕೆಲಸವಿರುತ್ತಿತ್ತು, ಬಿಸಿಲಲ್ಲಿ ಕೂತು ರೂಢಿಯಿದ್ದದ್ದು ಇವಳಿಗೆ.

ಓಬಳಯ್ಯ ಓಡಿ ಬಂದು ಪಿಸುಗುಟ್ಟಿದರು. “ಒಳಕ್ ಬಾರೇ, ಜನ ನೋಡ್ತಾರೆ.”

“ನೋಡ್ಲಿ ಅಂತ್ಲೇ ಕೂತಿರೋದು.”

ಅಷ್ಟರಲ್ಲಿ ಜನ ಬಂದೇಬಿಟ್ಟರು. ಈ ಚಳವಳಿಯವರಲ್ಲೊಂದು ಪದ್ಧತಿ. ಧರಣಿ ಕಂಡರೆ ಮೊದಲು ಕೂರಬೇಕು, ವಿಷಯ ಆಮೇಲೆ ಕೇಳಬೇಕು. ನಯಾಜ್ ಚಪ್ಪಲಿ ಬಿಟ್ಟು ಕೂತರು. ಕದರಮ್ಮ ಕೂತಳು. ಹಿಂದಿನವರೆಲ್ಲ ಕೂತರು. ಆಮೇಲೆ ನಯಾಜ್, “ಯಾರ ವಿರುದ್ಧ ಅಕ್ಕಾ?” ಎಂದು ಕೇಳಿದರು. ಪುಟ್ಟಗಂಗಮ್ಮ ಗೇಟಿನೊಳಗೆ ನಿಂತಿದ್ದ ಓಬಳಯ್ಯನವರ ಕಡೆ ಗದ್ದ ಎತ್ತಿ ತೋರಿಸಿ, ಚಿಲಕದ ಕಥೆಯನ್ನೂ ಗಂಡನಾಡಿದ ಪದವನ್ನೂ ಹೇಳಿದಳು.

ನಯಾಜ್ ಹಳೆಯ ಗೆಳೆಯನ ಮುಖ ನೋಡಿದರು. ಸಂಕಟವಾಯಿತು. ಆದರೆ ಒಮ್ಮೆ ಕೂತವರು ಬೇಡಿಕೆ ಈಡೇರದೆ ಎದ್ದ ಇತಿಹಾಸ ಅವರಲ್ಲಿಲ್ಲ. ಗಂಟಲು ಸರಿಮಾಡಿಕೊಂಡು, “ಓಬಳಯ್ಯನವರ ಧೋರಣೆಗೆ” ಎಂದು ಕೂಗಿದರು.

“ಧಿಕ್ಕಾರ” ಎಂದು ಎಲ್ಲರಿಗಿಂತ ಮೊದಲು ಮುಷ್ಟಿ ಎತ್ತಿದವರು ಓಬಳಯ್ಯನವರೇ. ಅಭ್ಯಾಸ.

ಗೇಟಿನ ಒಳಗಡೆ ನಿಂತು ಧರಣಿ ನೋಡಿದ್ದು ಅವರ ಜನ್ಮದಲ್ಲಿ ಅದೇ ಮೊದಲು. ಎಷ್ಟೋ ಕಚೇರಿಗಳಲ್ಲಿ ಕೇಳಿ ಕೇಳಿ ಕಿವಿಯಲ್ಲಿ ಕೂತಿದ್ದ ಮಾತೇ ನಾಲಿಗೆಗೆ ಬಂತು. “ನಿಮ್ಮ ಬೇಡಿಕೆ ನ್ಯಾಯವಾಗಿದೆ. ಪರಿಶೀಲಿಸ್ತೀನಿ.”

“ಅದೆಲ್ಲ ಬುಡಿ ಅಣ್ಣ,” ಎಂದಳು ಕದರಮ್ಮ. “ಚಿಲಕ ಯಾವಾಗ ಬತ್ತದೆ, ಅದುನ್ನ ಹೇಳಿ.”

ಓಬಳಯ್ಯ ಮಂಡಿಪೇಟೆಗೆ ಹೋದರು. ಭಾನುವಾರ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಗೊತ್ತಿದ್ದ ಅಂಗಡಿಯವನನ್ನು ಮನೆಯಿಂದ ಎಬ್ಬಿಸಿ ತಂದು, ಬಾಗಿಲು ತೆಗೆಸಿ, ಚಿಲಕ ಕೊಂಡು, ಬೆವರು ಸುರಿಸುತ್ತ ಅವರೇ ಸ್ಕ್ರೂ ತಿರುಗಿಸಿದರು. ಕದರಮ್ಮ ಒಳಗೆ ಹೋಗಿ ಚಿಲಕ ಹಾಕಿ ನೋಡಿದಳು, ಹೊರಗಿನಿಂದ ನಯಾಜ್ ಬಾಗಿಲು ಗುದ್ದಿ ನೋಡಿದರು. ಬಾಗಿಲು ಮಿಸುಕಲಿಲ್ಲ. ಆಮೇಲೆ ಒಲೆಯ ಮೇಲೆ ಮುದ್ದೆಗೆ ಎಸರು ಏರಿತು.

ಊಟವಾದ ಮೇಲೆ ಸಂಚಾಲಕರ ಆಯ್ಕೆ ಅವಿರೋಧವಾಗಿ ನಡೆಯಿತು. ಓಬಳಯ್ಯನವರ ಲೆಕ್ಕ ತಪ್ಪಿರಲಿಲ್ಲ. ಬಸ್ಸಾರು ಉಂಡವರು ಆ ಮನೆಯವರ ಹೆಸರನ್ನೇ ಹೇಳಿದರು. ಪುಟ್ಟಗಂಗಮ್ಮ. ಓಬಳಯ್ಯನವರಿಗೆ ಮೈಕು.

ಸೋಮವಾರ ಆ ಅಧಿಕಾರಿಯ ಕಚೇರಿಯ ಮುಂದೆ ಜನ ಕೂತರು. ಅಧಿಕಾರಿ ಹೊರಗೆ ಬಂದು, ಇಂಥ ಟ್ರಿವಿಯಲ್ ವಿಷಯಕ್ಕೆ ಇಷ್ಟೊಂದು ಜನವೇ ಎಂದ. ಓಬಳಯ್ಯ ಮೈಕು ಹಿಡಿದೇ ಅವನ ಹತ್ತಿರ ಹೋದರು. ಬೈಯುತ್ತಾರೆಂದು ಎಲ್ಲರೂ ಕಾದರು. ಅವರು ಅವನ ಕಿವಿಗೆ ಬಗ್ಗಿ ಮೆಲ್ಲಗೆ ಹೇಳಿದರು.

“ಸಾರ್, ಆ ಪದ ಇಲ್ಲಿ ಎಷ್ಟಾದ್ರೂ ಬಳಸ್ಕಳಿ. ಮನೇಲಿ ಮಾತ್ರ ಆಡ್ಬ್ಯಾಡಿ. ಊಟ ಹುಟ್ಟಲ್ಲ.”

ಅಧಿಕಾರಿ ಒಂದು ಗಳಿಗೆ ಏನೋ ಯೋಚಿಸಿ, ಮನವಿಗೆ ಕೈ ಚಾಚಿದ. ಓಬಳಯ್ಯ ಗೆದ್ದ ಮುಖ ಮಾಡಿಕೊಂಡು ಜನರ ಕಡೆ ತಿರುಗಿದರು. ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಎಲ್ಲರಿಗಿಂತ ಮುಂದೆ ಪುಟ್ಟಗಂಗಮ್ಮ.

ಮೈಕು ಆನ್ ಆಗಿಯೇ ಇತ್ತು.